ಪಂಕಜಾಕ್ಷಿ ಟೀಚರ್ ಬರೆದುಕೊಂಡ ಪದ

ಸಾಲಿಗ್ರಾಮದ ಖಾಸಗಿ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ ಪಂಕಜಾಕ್ಷಿ ಟೀಚರಿಗೆ, ಆರು ತಿಂಗಳಲ್ಲಿ ಇಂಗ್ಲಿಷ್ ಕಲಿಯಬೇಕೆಂದು ಆಡಳಿತ ಮಂಡಳಿ ತಾಕೀತು ಮಾಡಿತು. ದಪ್ಪ ನಿಘಂಟಿನ ಇರುವೆಸಾಲಿನಂಥ ಅಕ್ಷರ ಅವರ ಕನ್ನಡಕಕ್ಕೂ ಬಗ್ಗಲಿಲ್ಲ. ಮೊಬೈಲಿನ ಆ್ಯಪು ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳಿ ತಲೆ ತಿಂದಿತು. ಕೊನೆಗೆ ಅವರ ಲ್ಯಾಪ್‌ಟಾಪಿನ ಬ್ರೌಸರಿಗೆ ಕಂಪ್ಯೂಟರ್ ಮೇಷ್ಟ್ರು ಶ್ರೀಶ ಒಂದು ಡಿಕ್ಷನರಿ ಸೇರಿಸಿಕೊಟ್ಟರು.

"ಟೀಚರೇ, ಶಬ್ದದ್ ಮೇಲೆ ಒತ್ರೆ ಸಾಕ್, ಕನ್ನಡದಗೇ ಅರ್ಥ ಬತ್ತ್."

ಅಂದಿನಿಂದ ದಿನಕ್ಕೊಂದು ಹೊಸ ಪದವನ್ನು ನೋಟ್‌ಬುಕ್ಕಿನಲ್ಲಿ ಗುಂಡಗೆ ಬರೆದುಕೊಳ್ಳುತ್ತಿದ್ದರು. ಐದನೇ ತಿಂಗಳಲ್ಲಿ ಶಾಲೆಯಿಂದ ಇಂಗ್ಲಿಷಿನಲ್ಲೊಂದು ಇಮೇಲ್ ಬಂತು. ತಮ್ಮ ಹೆಸರಿನ ಪಕ್ಕದಲ್ಲಿದ್ದ 'ರಿಡಂಡೆಂಟ್' ಎಂಬುದು ಅರ್ಥವಾಗದೆ ಅದರ ಮೇಲೆ ಒತ್ತಿದರು. 'ಇನ್ನು ಬೇಕಾಗಿಲ್ಲದವರು' ಎಂದು ಅಚ್ಚ ಕನ್ನಡದಲ್ಲಿ ಮೂಡಿತು.

ಟೀಚರ್ ನೋಟ್‌ಬುಕ್ ತೆರೆದು, ಆ ದಿನದ ಪದವನ್ನೂ ಅರ್ಥವನ್ನೂ ಎಂದಿನಂತೆ ಗುಂಡಗೆ ಬರೆದುಕೊಂಡರು.