ಹಿಮ್ಮುಖವಾಗಿ ಇಳಿಯುತ್ತಿದ್ದ ರತ್ನಕ್ಕ

ರತ್ನಕ್ಕ ಮೆಟ್ಟಿಲು ಇಳಿಯುತ್ತಿದ್ದುದು ಹಿಮ್ಮುಖವಾಗಿ. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಹಳೆಯ ಹೌಸಿಂಗ್ ಸೊಸೈಟಿಗೆ ಲಿಫ್ಟ್ ಇಲ್ಲ. ಅವರದು ನಾಲ್ಕನೇ ಮಹಡಿ, ನನ್ನದು ಎರಡನೆಯದು. ಎರಡೂ ಕೈಯಲ್ಲಿ ಕಂಬಿ ಹಿಡಿದು, ಮುಖವನ್ನು ಮೇಲಿನ ಮೆಟ್ಟಿಲುಗಳ ಕಡೆಗೆ ಮಾಡಿ, ಬಲಗಾಲನ್ನು ಹಿಂದಕ್ಕೆ ಚಾಚಿ ಮೆಟ್ಟಿಲು ತಡಕುತ್ತಿದ್ದರು. ಅದು ಸಿಕ್ಕಿದ ಮೇಲೆ ಎಡಗಾಲು. ಕೆಳಗಿನಿಂದ ಹತ್ತಿ ಬರುವವರಿಗೆ ಮೊದಲು ಕಾಣುತ್ತಿದ್ದುದು ಅವರ ಬೆನ್ನು, ಆಮೇಲೆ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈಗಳ ಗೊಂಚಲು. ಹೊಸಬರು ಯಾರಾದರೂ ನಿಂತು ನೋಡಿದರೆ ಮರಾಠಿಯಾಗಲಿ ಕನ್ನಡವಾಗಲಿ ಜವಾಬು ಒಂದೇ: "ಎಂತ ನೋಡುದು? ಏಣಿ ಇಳಿಯುವಾಗ ನೀವು ಊರು ನೋಡ್ತಾ ಇಳಿತೀರಾ?"

ಉಡುಪಿ ಕಡೆಯವರು. ಮದುವೆಯಾಗಿ ಬಂದ ಎಂಟನೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಮುಂಬೈಯ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ, ಮೂವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ಓಡಾಡಿದವರು. ಮಕ್ಕಳಿಲ್ಲ. ನಾನು ಮೂಲ್ಕಿಯಿಂದ ಹೊಸ ಸೊಸೆಯಾಗಿ ಇಲ್ಲಿಗೆ ಬಂದದ್ದು ೨೦೦೪ರಲ್ಲಿ. ಕೆಲಸ ಹುಡುಕಲು ಹೊರಟ ಮೊದಲ ದಿನ ಹತ್ತಲಾಗದೆ ಮೂರು ಟ್ರೇನು ಬಿಟ್ಟು ಪ್ಲಾಟ್‌ಫಾರ್ಮಿನಲ್ಲಿ ಅಳುಮುಖ ಮಾಡಿಕೊಂಡು ನಿಂತಿದ್ದೆ. ಹಿಂದಿನಿಂದ ಯಾರೋ ರಟ್ಟೆ ಹಿಡಿದರು, ನೋಡಿದರೆ ನಾಲ್ಕನೇ ಮಹಡಿಯ ರತ್ನಕ್ಕ. "ಹತ್ತುದು ಇಳಿಯುದು ಎಲ್ಲ ಜನ ಮಾಡಿಸ್ತಾರೆ ಮಾರಾಯ್ತಿ. ನೀನು ಚೀಲ ಎದೆಗೆ ಒತ್ತಿ ಹಿಡ್ಕೋ, ಅಷ್ಟೇ ನಿನ್ನ ಕೆಲಸ!" ಎಂದರು. ಕಣ್ಣು ಬಿಟ್ಟಾಗ ಲೇಡೀಸ್ ಡಬ್ಬಿಯ ಒಳಗಿದ್ದೆ.

ಆ ಡಬ್ಬಿಯಲ್ಲಿ ಅವರದೊಂದು ಗುಂಪು. ಮೂವರ ಸೀಟಿನಲ್ಲಿ ನಾಲ್ಕನೆಯವಳನ್ನು ಅರ್ಧ ಕೂರಿಸುವ ಪದ್ಧತಿ ಎಲ್ಲ ಕಡೆಯೂ ಉಂಟು. ರತ್ನಕ್ಕನ ಗುಂಪಿನಲ್ಲಿ ಇನ್ನೊಂದು ನಿಯಮ: ದಾರಿಯಲ್ಲಿ ಠಾಣೆ ಸ್ಟೇಷನ್ ಬಂದ ಕೂಡಲೇ ಕೂತವರು ಎದ್ದು, ನಿಂತವರಿಗೆ ಸೀಟು ಬಿಡಬೇಕು. ಮೊಣಕಾಲು ನೋಯತೊಡಗಿದ ಮೇಲೂ ಮೊದಲು ಏಳುತ್ತಿದ್ದವರು ಅವರೇ. "ಠಾಣೆ ಬಂತು, ಏಳಿ ಏಳಿ" ಎಂದು ಬೀನ್ಸ್ ಕತ್ತರಿಸಿ ಹಾಕುತ್ತಿದ್ದ ಡಬ್ಬಿಯ ಮುಚ್ಚಳ ಮುಚ್ಚಿ ನಿಂತುಬಿಡುತ್ತಿದ್ದರು. ನಿವೃತ್ತಿಯಾದ ಮೇಲೂ ಶುಕ್ರವಾರ ಸಂಜೆ ಬಾಳೆಕಾಯಿ ಪೋಡಿ, ಅಂದರೆ ಬಜ್ಜಿ, ಕರಿದು, ಸ್ಟೀಲ್ ಡಬ್ಬಿಗೆ ತುಂಬಿ, ನಾಲ್ಕು ಮಹಡಿ ಇಳಿದು, ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು ಪ್ಲಾಟ್‌ಫಾರ್ಮಿಗೆ ಹೋಗುತ್ತಿದ್ದರು. ಆ ಗುಂಪಿನ ಹೆಂಗಸರು ಟ್ರೇನಿಳಿದು ಹತ್ತು ನಿಮಿಷ ನಿಂತು ತಿಂದು, ಬೈದು, ನಕ್ಕು ಮನೆಗೆ ಹೋಗುತ್ತಿದ್ದರು. ರತ್ನಕ್ಕನಿಗೆ ಬಂಧು ಬಳಗ, ಹಬ್ಬ ಹರಿದಿನ ಎಲ್ಲ ಆ ಹತ್ತು ನಿಮಿಷವೇ.

"ನನಗೆ ಕಾಶಿಗೂ ಹೋಗ್ಲಿಕ್ಕಿಲ್ಲ, ರಾಮೇಶ್ವರಕ್ಕೂ ಹೋಗ್ಲಿಕ್ಕಿಲ್ಲ. ಶುಕ್ರವಾರ ಸ್ಟೇಷನ್ನಿಗೆ ಹೋಗ್ಲಿಕ್ಕೆ ಆದ್ರೆ ಸಾಕು" ಎನ್ನುತ್ತಿದ್ದರು.

ಆ ಹೊತ್ತಿಗೆ ನಾನು ಠಾಣೆಯ ಮಾಜಿವಾಡಾದ ಒಂದು ಮೊಣಕಾಲಿನ ಕ್ಲಿನಿಕ್ಕಿನಲ್ಲಿ ಕೌನ್ಸೆಲರ್. ದೊಡ್ಡ ಹೆಸರು, ಕೆಲಸ ಎಂದರೆ ಬಂದವರನ್ನು ಕೂರಿಸಿ, ಅವರವರ ಭಾಷೆಯಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆಗೆ ಒಪ್ಪಿಸುವುದು. ಕನ್ನಡ, ತುಳು, ಮರಾಠಿ, ಹಿಂದಿ ನಾಲ್ಕೂ ಬರುತ್ತಿದ್ದುದರಿಂದ ನನಗೆ ಅಲ್ಲಿ ಬಹಳ ಮರ್ಯಾದೆ. ಸೊಂಟದ ಎಲುಬಿನೊಳಗಿನ ಮಜ್ಜೆ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬೇಕಾದ ಭಾಗವನ್ನು ಮೊಣಕಾಲಿಗೆ ಚುಚ್ಚುವುದು. ಎಲುಬುಗಳ ನಡುವಿನ ಸವೆದ ಮೆತ್ತೆ ಮತ್ತೆ ಬೆಳೆಯುತ್ತದೆ ಎಂದು ನಾನು ಹೇಳುವುದು. ಕಿರಿಯ ಡಾಕ್ಟರೊಬ್ಬರು ಚಹಾ ಕುಡಿಯುವಾಗ ನನಗೆ ಹೇಳಿದ್ದುಂಟು: "ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಎಲುಬಿಗೆ ಎಲುಬು ತಾಗಿದವರಲ್ಲಿ ಏನೂ ಬೆಳೆಯುವುದಿಲ್ಲ." ಕೇಳಿಸಿಕೊಂಡು ಬಿಸ್ಕತ್ತು ಅದ್ದಿ ತಿಂದೆ.

ರತ್ನಕ್ಕನ ಎಕ್ಸ್‌ರೇ ನಾನೇ ನೋಡಿದ್ದೆ. ಎಲುಬಿಗೆ ಎಲುಬು ತಾಗಿತ್ತು. ಬೇರೆ ಆಸ್ಪತ್ರೆಯ ಸರ್ಜನ್ ಎರಡೂ ಮೊಣಕಾಲು ಬದಲಿಸಬೇಕು, ತಡಮಾಡಬೇಡಿ ಎಂದಿದ್ದರು. ಕೊಯ್ಯಿಸಿಕೊಳ್ಳುವುದೆಂದರೆ ಅವರಿಗೆ ಜೀವಭಯ. ನಾನು ಕ್ಲಿನಿಕ್ಕಿನ ಮಾತನ್ನೆಲ್ಲ ಒಪ್ಪಿಸಿದೆ. ಅವರು ಗಮನವಿಟ್ಟು ಕೇಳಿ, "ಅಂದ್ರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಸೊಂಟದಿಂದ ಒಂದು ಚಮಚ ತೆಗೆದು ಮೊಣಕಾಲಿಗೆ ಹಾಕುದು" ಎಂದರು. ಆಹಾ, ಎಷ್ಟು ಚೆನ್ನಾಗಿ ಹೇಳಿದಿರಿ ಎಂದು ಆ ಮಾತನ್ನು ಮರುದಿನದಿಂದಲೇ ನನ್ನ ಭಾಷಣಕ್ಕೆ ಸೇರಿಸಿಕೊಂಡೆ. ಆಮೇಲೆ ಅವರು ನನ್ನ ಮುಖ ನೋಡಿ ಕೇಳಿದರು: "ಶೋಭಾ, ನಿನ್ನ ಅಮ್ಮನಾಗಿದ್ರೆ ಮಾಡಿಸ್ತಿದ್ದೆಯಾ?"

"ಖಂಡಿತ ಮಾಡಿಸ್ತಿದ್ದೆ ರತ್ನಕ್ಕ" ಎಂದೆ. ಮೂಲ್ಕಿಯಲ್ಲಿದ್ದ ನನ್ನ ಅಮ್ಮನಿಗೂ ಮೊಣಕಾಲು ನೋವಿತ್ತು. ಒಳ್ಳೆಯ ಸರ್ಜನ್ನಿಗೆ ತೋರಿಸು, ನಮ್ಮ ಕ್ಲಿನಿಕ್ಕಿಗೆ ಬರಬೇಡ ಎಂದು ಹಿಂದಿನ ವಾರವಷ್ಟೇ ಫೋನಿನಲ್ಲಿ ಹೇಳಿದ್ದೆ.

ಮಾಡಿಸಿದ್ದಾಯಿತು. ಸೊಂಟಕ್ಕೆ ಸೂಜಿ ಚುಚ್ಚುವಾಗ ನನ್ನ ಕೈ ಹಿಡಿದುಕೊಂಡೇ ಇದ್ದರು. ನಮ್ಮಲ್ಲೊಂದು ಫಾರ್ಮ್ ಇತ್ತು: ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಮೊದಲು ಒಂಬತ್ತು ಹೇಳಿದ್ದರು. ಮೂರು ತಿಂಗಳ ಬಳಿಕ ಕ್ಲಿನಿಕ್ಕಿನ ದೊಡ್ಡ ಡಾಕ್ಟರು ಕೇಳಿದಾಗ ರತ್ನಕ್ಕ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, "ಮೂರು. ಒಳ್ಳೆದುಂಟು" ಎಂದರು. ಡಾಕ್ಟರು ನನ್ನ ಬೆನ್ನು ತಟ್ಟಿದರು. ಅಲ್ಲೇ ಒಂದು ವಿಡಿಯೋ ಮಾಡಿದೆವು. ಕ್ಲಿನಿಕ್ಕಿನ ಆರು ಮೆಟ್ಟಿಲನ್ನು ರತ್ನಕ್ಕ ಮುಂದೆ ನೋಡಿಕೊಂಡು ಇಳಿದು, ಹೆಪ್ಪಿನ ಮಾತು ಹೇಳಿ ಕೈ ಮುಗಿದರು. ಅದು ಡೊಂಬಿವಲಿ, ಕಲ್ಯಾಣದ ಕನ್ನಡದವರ ಫೋನುಗಳಲ್ಲೆಲ್ಲ ಓಡಾಡಿತು. ಎಷ್ಟೋ ಜನ ಅದನ್ನು ನೋಡಿಯೇ ಬಂದರು. ಸೊಸೈಟಿಯಲ್ಲೂ ನಾನು ಕಂಡಾಗಲೆಲ್ಲ ರತ್ನಕ್ಕ ಮುಮ್ಮುಖವಾಗಿಯೇ ಇಳಿಯುತ್ತಿದ್ದರು.

ಒಂದು ಶುಕ್ರವಾರ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದೆ. ಮೂರನೇ ಮಹಡಿಯ ತಿರುವಿನಲ್ಲಿ ಏನೋ ಸದ್ದಾಗಿ ಹತ್ತಿ ನೋಡಿದರೆ ರತ್ನಕ್ಕನ ಬೆನ್ನು. ಪೋಡಿಯ ಡಬ್ಬಿ ಮೇಲಿನ ಮೆಟ್ಟಿಲಿನಲ್ಲಿ. ಒಂದು ಮೆಟ್ಟಿಲು ಇಳಿಯುವುದು, ಡಬ್ಬಿಯನ್ನು ಒಂದು ಮೆಟ್ಟಿಲು ಇಳಿಸುವುದು, ಹಣೆಯನ್ನು ಕಂಬಿಗೆ ಒತ್ತಿ ಉಸಿರು ಎಳೆಯುವುದು. ಸಂಜೆಯ ಟ್ರೇನಿಗೆ ಮಧ್ಯಾಹ್ನವೇ ಹೊರಟಿದ್ದರು!

"ಅಯ್ಯೋ, ನೀನು ಇಷ್ಟು ಬೇಗ ಬಂದೆಯಾ?" ಎಂದು ತಪ್ಪು ಮಾಡಿದವರ ಹಾಗೆ ತಡಬಡಿಸಿದರು.

"ಮತ್ತೆ ಮೂರು ಅಂದ್ರಲ್ಲ ರತ್ನಕ್ಕ?"

"ಡಾಕ್ಟರ ಎದುರು ನಿನ್ನ ಮುಖ ಸಣ್ಣ ಆಗ್ಬಾರ್ದಲ್ಲ. ಅಷ್ಟು ಮಾಡಿದವಳು ನೀನು. ಒಳ್ಳೆದಿಲ್ಲ ಅಂತ ಹೇಗೆ ಹೇಳುದು?"

ನಮ್ಮ ಕಡೆಯ ಜನರೇ ಹಾಗೆ. ಬಡಿಸಿದವರು ಎದುರು ನಿಂತಿದ್ದರೆ ಉಪ್ಪಿಲ್ಲದ ಸಾರನ್ನೂ ಚೆನ್ನಾಗುಂಟು ಎಂದು ಉಣ್ಣುತ್ತೇವೆ. ಅದು ನನಗೆ ಗೊತ್ತಿರಬೇಕಿತ್ತು. ಗೊತ್ತಾದ ಮೇಲಾದರೂ ಏನು ಮಾಡಿದೆ? ಡಾಕ್ಟರಿಗೆ ಹೇಳಲಿಲ್ಲ. ಆ ವಿಡಿಯೋವನ್ನು ಅಳಿಸಿಹಾಕಲಿಲ್ಲ. ಆರು ತಿಂಗಳ ಫಾರ್ಮ್ ತುಂಬುವ ದಿನ ರತ್ನಕ್ಕನನ್ನು ಕೇಳದೆ ನಾನೇ "ಮೂರು" ಎಂದು ಬರೆದು ಫೈಲಿಗೆ ಸೇರಿಸಿದೆ. ಥೂ, ಎಂಥ ಹೆಂಗಸು ನಾನು!

ಇನ್ನೂ ಸ್ವಲ್ಪ ದಿನ ಕಾಯೋಣ ಎಂದು ರತ್ನಕ್ಕ ಕಾದರು. ನನ್ನ ಮುಖ ನೋಡಿ ಕಾದರು. ಕೊನೆಗೆ ನಾನೇ ಸರ್ಜನ್ನರ ಬಳಿ ಕರೆದುಕೊಂಡು ಹೋದಾಗ ಎರಡು ವರ್ಷ ಕಳೆದಿತ್ತು, ಅಷ್ಟರಲ್ಲಿ ಹೃದಯದ ತೊಂದರೆ ಶುರುವಾಗಿತ್ತು. ಈಗ ಆಪರೇಷನ್ ಬೇಡ, ಆಗ ಬಂದಿದ್ದರೆ ಮಾಡಬಹುದಿತ್ತು ಎಂದರು ಸರ್ಜನ್. ನನ್ನ ಕಡೆ ನೋಡಿ ಹೇಳಲಿಲ್ಲ. ಆದರೂ ನನಗೇ ಹೇಳಿದಂತಾಯಿತು. ಅಲ್ಲಿಂದ ರತ್ನಕ್ಕನ ಶುಕ್ರವಾರಗಳು ನಿಂತುಹೋದವು. ತರಕಾರಿಯವನಿಗೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಚೀಲ ಇಳಿಸುತ್ತಿದ್ದರು. ಗುಂಪಿನವರು ಎರಡು ಸಲ ಮಹಡಿ ಹತ್ತಿ ಬಂದರು, ಆಮೇಲೆ ಅವರವರ ಟ್ರೇನು ಅವರವರಿಗೆ.

ಕೊನೆಗೆ ಖಾರ್‌ಘರಿನಲ್ಲಿದ್ದ ರತ್ನಕ್ಕನ ತಂಗಿಯ ಮಗಳು, ನಮ್ಮಲ್ಲಿ ಲಿಫ್ಟ್ ಉಂಟು, ಬಾ ದೊಡ್ಡಮ್ಮ ಎಂದು ಕರೆದಳು. ಅಲ್ಲೇ ವರ್ಷದೊಳಗೆ ರತ್ನಕ್ಕ ತೀರಿಕೊಂಡರು. ವಿಡಿಯೋ ಮಾತ್ರ ಇನ್ನೂ ತಿರುಗುತ್ತಿದೆ. ಈಗಲೂ ಯಾರೋ ನನಗೇ ಕಳಿಸುತ್ತಾರೆ.

ನಾನು ಅವರನ್ನು ಕಡೆಯದಾಗಿ ಕಂಡದ್ದು ಅವರು ಮನೆ ಬಿಟ್ಟ ದಿನ. ಸಾಮಾನು ಸಾಗಿಸಲು ಬಂದಿದ್ದ ಕಲಬುರಗಿಯ ಇಬ್ಬರು ಅವರನ್ನು ಮರದ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. "ಏನ್ ಹೆದರಬ್ಯಾಡ್ರಿ ಅಕ್ಕಾರ, ಗಟ್ಟಿ ಹಿಡ್ಕೋರಿ" ಎಂದ ಹಿರಿಯವನು. ರತ್ನಕ್ಕನ ಮುಖ ಕೆಳಗಿನ ಮೆಟ್ಟಿಲುಗಳ ಕಡೆಗಿತ್ತು. ಅವರ ಕಾಲು ಗೋಡೆಗೆ ತಾಗದಂತೆ ಹಿಡಿದುಕೊಳ್ಳಲು ನಾನು ಮುಂದೆ ನಿಂತೆ. ಹಾಗಾಗಿ ನಾನು ಹಿಮ್ಮುಖವಾಗಿ ಇಳಿಯಬೇಕಾಯಿತು. ಅವರ ಮುಖ ನೋಡದೆ ಇರಲು ದಾರಿಯೇ ಇರಲಿಲ್ಲ.

ಮೂರನೇ ಮಹಡಿಯ ತಿರುವಿನಲ್ಲಿ ಅವರಿಬ್ಬರು ಕುರ್ಚಿ ಇಳಿಸಿ ಬೆವರು ಒರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. "ರತ್ನಕ್ಕ, ನನ್ನ ಅಮ್ಮನಿಗೆ ನಾನು ಅದನ್ನು ಮಾಡಿಸ್ತಿರಲಿಲ್ಲ. ನಿಮಗೆ ಸುಳ್ಳು ಹೇಳಿದೆ. ಎರಡನೇ ಸಲ ಮೂರು ಅಂತ ಬರೆದದ್ದೂ ನಾನೇ" ಎಂದೆ.

ಅವರು ತಮ್ಮ ಮೊಣಕಾಲು ಸವರಿಕೊಂಡರು. "ಪಾತ್ರೆಯಲ್ಲಿ ಹಾಲೇ ಇರ್ಲಿಲ್ಲ ಅಲ್ವಾ? ಸುಮ್ಮನೆ ಹೆಪ್ಪು ಹಾಕಿಸ್ಕೊಂಡೆ" ಎಂದರು. ಆಮೇಲೆ, "ಆ ಫಾರ್ಮ್ ಇನ್ನೂ ಉಂಟಾ?"

"ಉಂಟು."

"ಹಾಗಾದ್ರೆ ಒಂಬತ್ತು ಅಂತ ಬರಿ. ಆವತ್ತೂ ಒಂಬತ್ತೇ. ನಾಳೆಯೇ ಬರಿ."

ಬರೀತೇನೆ ಎಂದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರಿಬ್ಬರು ಮತ್ತೆ ಕುರ್ಚಿ ಎತ್ತಿದರು. ನಾನು ಹಿಂದಕ್ಕೆ ಕಾಲು ಚಾಚಿ ಮೆಟ್ಟಿಲು ತಡಕುತ್ತಿದ್ದೆ, ಸಿಗಲಿಲ್ಲ.

"ಕಂಬಿ ಹಿಡ್ಕೋ ಶೋಭಾ" ಎಂದರು ರತ್ನಕ್ಕ. "ಮೊದಲು ಬಲಗಾಲು."