ಅಡುಗೆಮನೆಗೆ ಕೇಳುವಷ್ಟು

ಕುರ್ಚಿಯ ಎಡಗೈಗೆ ನೀಲಿ ನೈಲಾನ್ ಹಗ್ಗ ಸುತ್ತಿತ್ತು. ಬೆತ್ತ ಬಿಚ್ಚಿಕೊಂಡ ಜಾಗಕ್ಕೆ ಕಾಕಾ ತಾವೇ ಸುತ್ತಿದ್ದು. ಗಂಟು ಒಳಬದಿಗೆ, ಯಾರ ಬಟ್ಟೆಗೂ ಸಿಕ್ಕದ ಹಾಗೆ. ನನಗೆ ಪ್ರಶ್ನೆ ಕೇಳುವಾಗ ಅವರ ಹೆಬ್ಬೆರಳು ಆ ಗಂಟನ್ನು ಹುಡುಕುತ್ತಿತ್ತು.

ಅವರು ನನ್ನ ಸಂಬಂಧಿಕರಲ್ಲ. ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಗೋವಾದ ಫೋಂಡಾದಲ್ಲೇ ಉಳಿದುಬಿಟ್ಟಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ನಾನು ಎಂ.ಎಸ್ಸಿ. ಮುಗಿಸಿ ಮಡ್ಕಯಿಯ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯಕ್ಕೆ ಕೆಲಸಕ್ಕೆ ಬಂದಾಗ, ಅವರ ಮನೆಯ ಹಿಂಬದಿಯ ಮನೆಯಲ್ಲಿ ನನಗೊಂದು ಬಾಡಿಗೆ ಕೋಣೆ ಸಿಕ್ಕಿತು. ಗಂಡಹೆಂಡಿರನ್ನು ಕಾಕಾ, ಕಾಕೂ ಎಂದು ಕರೆಯತೊಡಗಿದೆ. ನಾನು ಯಾರನ್ನೂ ಬೇಗ ಹಚ್ಚಿಕೊಳ್ಳುವವಳಲ್ಲ. ಆದರೂ ಕೆಲವು ವರ್ಷಗಳಲ್ಲಿ ಭಾನುವಾರ ಸಂಜೆಯ ಚಹಾ ಅವರ ಜಗಲಿಯಲ್ಲೇ ಎಂದಾಯಿತು.

ಪ್ರಯೋಗಾಲಯದ ಇನ್‌ಚಾರ್ಜ್ ಕೆಲಸ ಬಿಡುವ ಸುದ್ದಿ ಬಂದ ವಾರ, ಆ ಜಾಗಕ್ಕೆ ಅರ್ಜಿ ಹಾಕಲೇ ಎಂದು ಕಾಕಾನನ್ನು ಕೇಳಿದೆ. ಅಲ್ಲಿಯವರೆಗೆ ಇನ್‌ಚಾರ್ಜ್ ಕುರ್ಚಿಯಲ್ಲಿ ಹೆಂಗಸರು ಕೂತಿರಲಿಲ್ಲ.

"ನನ್ನೊಬ್ಬನ್ನ ಕೇಳಬ್ಯಾಡ," ಎಂದರು. "ಮ್ಯಾಲ ಹೋಗಬೇಕಂದ್ರ ನಾಲ್ಕು ಮಂದಿ ಬೇಕು. ಕೆಲಸ ತಿಳದಾಕಿ ಒಬ್ಬಾಕಿ, ದಾರಿ ತಿಳದಾಂವ ಒಬ್ಬ, ಖರೇ ಹೇಳಾಕಿ ಒಬ್ಬಾಕಿ."

"ನಾಲ್ಕನೇದವರು ಯಾರ್ರಿ?"

"ಅದನ್ನೂ ನಾನ ಹುಡುಕಿ ಕೊಡಬೇಕೇನು?"

"ಮದ್ಲ ನಿಮ್ಮ ಚಾಳೀಸು ಹುಡುಕ್ಕೋರಿ," ಎಂದರು ಕಾಕೂ ಒಳಗಿನಿಂದ. ಕನ್ನಡಕ ಕಾಕಾನ ಹಣೆಯ ಮೇಲೇ ಇತ್ತು.

ಕೆಲಸ ತಿಳಿದವರು ನಮ್ಮ ಹಿರಿಯ ಕೆಮಿಸ್ಟ್, ಗೋವಾದ ಹೆಣ್ಣುಮಗಳು. ಅದೇ ಜಾಗಕ್ಕೆ ಹಿಂದೆ ಎರಡು ಸಲ ಸಂದರ್ಶನಕ್ಕೆ ಕೂತು ಬಂದಿದ್ದರು. ಊಟದ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು, ಅಲ್ಲಿ ಕೇಳುವುದು ಒಂದೇ ಪ್ರಶ್ನೆ ಎಂದರು: ರಾತ್ರಿ ಪಾಳಿಗೆ ಹೆಂಗಸರು ಬರುವಂತಿಲ್ಲ, ಕಾನೂನೇ ಬಿಡುವುದಿಲ್ಲ, ಮತ್ತೆ ಇನ್‌ಚಾರ್ಜ್ ಆಗುವುದು ಹೇಗೆ? "ನಗುನಗುತ್ತಾ ಕೇಳುತ್ತಾರೆ. ನಾನೂ ನಕ್ಕು ಎದ್ದುಬಂದೆ. ನೀನು ಹಾಗೆ ಮಾಡಬೇಡ. ಉಲಯ್ ಗೋ." ಮಾತಾಡೇ, ಎಂದು.

ಉತ್ತರ ನನಗೆ ಗೊತ್ತಿತ್ತು. ರಾತ್ರಿಯ ಮಾದರಿಗಳನ್ನು ಪಾಳಿಯ ಕೆಮಿಸ್ಟ್ ಪರೀಕ್ಷಿಸುತ್ತಾನೆ. ಬೆಳಿಗ್ಗೆ ಇನ್‌ಚಾರ್ಜ್ ಸಹಿ ಹಾಕುವ ತನಕ ಮಾಲು ಗೋದಾಮು ಬಿಡುವುದಿಲ್ಲ. ಈಗಿನ ಇನ್‌ಚಾರ್ಜ್ ಕೂಡ ರಾತ್ರಿ ಮನೆಯಲ್ಲೇ ಮಲಗುತ್ತಾರೆ. ಭಾನುವಾರ ಇದನ್ನೆಲ್ಲ ಕಾಕಾನ ಮುಂದೆ ಒಪ್ಪಿಸಿದೆ.

"ಕಡೀ ಮಾತು ಬಿಡ್ರಿ," ಎಂದರು ಕಾಕಾ. "ಇದ್ದ ನೌಕರಿನೂ ಹೋದೀತು." ಬೆತ್ತದ ಕುರ್ಚಿಯಲ್ಲಿ ಕೂತು ಸಂದರ್ಶನದವರ ಹಾಗೆ ಪ್ರಶ್ನೆ ಕೇಳಿ ತಾಲೀಮು ಮಾಡಿಸುವಾಗ ಮಾತ್ರ ಅವರು ನನಗೆ ಬಹುವಚನ ಹಚ್ಚುತ್ತಿದ್ದರು.

ಕಷ್ಟವಿದ್ದದ್ದು ನನ್ನ ದನಿಯಲ್ಲಿ. ನಾನು ಮಾತಾಡಿದರೆ ಎದುರಿಗಿದ್ದವರು ಬಗ್ಗಿ ಕೇಳಬೇಕಾಗುತ್ತಿತ್ತು. ಕಾಕಾ ಅದಕ್ಕೊಂದು ಉಪಾಯ ಮಾಡಿದರು. ಒಳಗೆ ಪಂಪ್ ಸ್ಟೋವ್ ಭರ್ರೆಂದು ಉರಿಯುತ್ತಿರಬೇಕು, ನಾನು ಜಗಲಿಯಲ್ಲಿ ಇಂಗ್ಲಿಷಿನಲ್ಲಿ ಉತ್ತರ ಹೇಳಬೇಕು, ಅದು ಕಾಕೂಗೆ ಕೇಳಬೇಕು.

"ಕೇಳಸವಲ್ದವಾ!"

ಮತ್ತೆ ಹೇಳುತ್ತಿದ್ದೆ.

"ಏನೋ ಗುಣುಗುಣು ಅಂತದ. ಮಂತ್ರ ಹೇಳಾಕತ್ತಿಯೇನು?"

"ನಿಮಗ ಇಂಗ್ಲಿಷ್ ತಿಳೀತದೇನ್ರಿ ಕಾಕೂ?"

"ತಿಳದು ನಾ ಏನ್ ಮಾಡಲಿ? ಕೇಳಿದ್ರ ಸಾಕು."

ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಒಳಕ್ಕೆ ತಿರುಗಿ "ಹೋಗಿ ಬರ್ತೀನ್ರಿ" ಎನ್ನುತ್ತಿದ್ದೆ. ಅದೂ ಕಾಕೂಗೆ ಕೇಳುತ್ತಿರಲಿಲ್ಲ. ಕಾಕಾ ಒಳಗೆ ಹೋಗಿ ಹೇಳುತ್ತಿದ್ದರು: "ಹೋಗಿ ಬರ್ತಾಳಂತ."

ಸಂದರ್ಶನ ಸೋಮವಾರಕ್ಕೆ ಗೊತ್ತಾಯಿತು. ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ಪಾವ್ ಮಾರುವವನ ಹಾರ್ನ್ ಕೇಳಿ ಗೇಟಿಗೆ ಹೋದ ಕಾಕಾ ಅಲ್ಲೇ ಕುಸಿದುಬಿದ್ದರು. ನಾನು ಅಷ್ಟರಲ್ಲಿ ಬಸ್ಸು ಹತ್ತಿಯಾಗಿತ್ತು. ಅವರ ಅಕ್ಕ, ಅಳಿಯ, ಮಗಳು ಧಾರವಾಡದಿಂದ ಮೊಲೆಂ ಗಡಿ ದಾಟಿ ಮಧ್ಯಾಹ್ನ ಬಂದು ಮುಟ್ಟಿದರು. ಸಂಜೆ ನಾನು ಕೆಲಸದಿಂದ ಬರುವ ಹೊತ್ತಿಗೆ ಅಂತ್ಯಕ್ರಿಯೆಯೂ ಮುಗಿದಿತ್ತು. ಅಂಗಳಕ್ಕೆ ನೀರು ಹಾಕಿದ್ದರು. ಅವರ ಮುಖ ನಾನು ನೋಡಲಿಲ್ಲ.

ಭಾನುವಾರ ಎಂದಿನ ಹೊತ್ತಿಗೇ ಹೋದೆ. ಬೇರೆ ಯಾವ ಹೊತ್ತಿಗೆ ಹೋಗಬೇಕೆಂದು ತಿಳಿಯಲಿಲ್ಲ. ಜಗಲಿಯ ತುಂಬ ಮಂದಿ. ಬೆತ್ತದ ಕುರ್ಚಿಯಲ್ಲಿ ನನಗೆ ಗೊತ್ತಿಲ್ಲದ ಒಬ್ಬರು ಕೂತು, ಆ ನೀಲಿ ಹಗ್ಗದ ತುದಿಯನ್ನು ಉಗುರಿನಿಂದ ಎಬ್ಬಿಸುತ್ತಿದ್ದರು. ಒಳಗೆ ಹೋಗಿ ಕಾಕೂ ಪಕ್ಕದಲ್ಲಿ ಕೂತೆ. ಅವರು ಅಳುತ್ತಿರಲಿಲ್ಲ. ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು, ಬಹಳ ಹೊತ್ತು. ಸ್ಟೋವ್ ಆರಿತ್ತು, ಅಡುಗೆ ಬೇರೆಯವರ ಮನೆಯಿಂದ ಬರುತ್ತಿತ್ತು. ಅಲ್ಲಿ ಕೂತೇ, ನಾಳೆ ಸಂದರ್ಶನಕ್ಕೆ ಹೋಗುವುದಿಲ್ಲವೆಂದು ನಿರ್ಧರಿಸಿದೆ. ಯಾರಿಗೂ ಹೇಳಲಿಲ್ಲ. ಹೇಳಬೇಕಾದವರು ಇರಲಿಲ್ಲ.

ಸಾವಿನ ಮನೆಯಿಂದ ಹೇಳದೇ ಎದ್ದುಹೋಗಬೇಕು. ಬರ್ತೀನಿ ಅನ್ನಬಾರದು, ಅಂದರೆ ಇಂಥದೇ ಕಾರಣಕ್ಕೆ ಮತ್ತೆ ಬರುತ್ತೇನೆ ಅಂದ ಹಾಗೆ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ಸುಮ್ಮನೆ ಎದ್ದೆ, ಜಗಲಿ ದಾಟಿದೆ. ಮೆಟ್ಟಿಲ ಮೇಲೆ ಕಾಲಿಟ್ಟದ್ದೇ ದೇಹ ತಾನಾಗಿ ಒಳಕ್ಕೆ ತಿರುಗಿತು.

"ಕಾಕೂ, ಹೋಗಿ ಬರ್ತೀನ್ರಿ."

ಅಷ್ಟು ದೊಡ್ಡ ದನಿ ನನ್ನದೆಂದು ನನಗೇ ಗೊತ್ತಿರಲಿಲ್ಲ. ಕುರ್ಚಿಯಲ್ಲಿದ್ದವರು ತಲೆ ಎತ್ತಿ ನೋಡಿದರು.

"ಏನಂದಿ?" ಕಾಕಾನ ಅಕ್ಕ ಬಾಗಿಲಿಗೆ ಬಂದರು. "ಬರ್ತಾಳಂತ! ಕಲತಾಕಿ ಬ್ಯಾರೆ. ನಿಮ್ಮವ್ವ ಇಷ್ಟೂ ಹೇಳಿಕೊಟ್ಟಿಲ್ಲೇನು?"

ಆಗ ಒಳಗಿನಿಂದ ಕಾಕೂ ದನಿ ಬಂತು, ಒಡೆದ ದನಿ.

"ಇರಲಿ ಬಿಡ್ರಿ, ಅಕ್ಕಾರ. ನನಗ ಕೇಳಸ್ತು."

ಮರುದಿನ ಬೆಳಿಗ್ಗೆ ಗಂಜಿ ಹಾಕಿದ ಹತ್ತಿ ಸೀರೆ ಉಟ್ಟು ಮಡ್ಕಯಿಯ ಬಸ್ಸು ಹತ್ತಿದೆ. ಮೇಜಿನಾಚೆ ಮೂವರು ಗಂಡಸರಿದ್ದರು. ಪ್ರಶ್ನೆ ಬಂತು, ನಗುನಗುತ್ತಲೇ. ಅವರು ಕೇಳಿ ಮುಗಿಸುವ ತನಕ ಕಾದೆ. ಆಮೇಲೆ, ಬಾಗಿಲಾಚೆ ಎಲ್ಲೋ ಒಂದು ಸ್ಟೋವ್ ಉರಿಯುತ್ತಿದೆ ಎಂದುಕೊಂಡು, ಅದರ ಸದ್ದನ್ನು ದಾಟುವ ಹಾಗೆ ಉತ್ತರ ಹೇಳಿದೆ.