ಬೆಳ್ಮಣ್ ಏರಿಗೊಂದು ಜೊತೆ ಶೂ

ಎಡಗಾಲು ಬರುವುದಿಲ್ಲ. ಧನರಾಜ್ ಎಳೆಯುತ್ತಾರೆ, ಪೆಡಲ್ ಬಿಡುವುದಿಲ್ಲ. ಒಂದು ಕ್ಷಣ ಮನುಷ್ಯ, ಸೈಕಲ್, ಹಿಂದಿನ ಮೀನಿನ ಪೆಟ್ಟಿಗೆ ಮೂರೂ ಯೋಚನೆಗೆ ಬಿದ್ದಂತೆ ನಿಲ್ಲುತ್ತವೆ. ಆಮೇಲೆ ಒಟ್ಟಿಗೇ ಮಟ್ಟುವಿನ ಗುಳ್ಳಬದನೆ ಗದ್ದೆಯ ಬದುವಿಗೆ ಮೆಲ್ಲಗೆ ಒರಗುತ್ತವೆ. ಬೂತಾಯಿ ಮೀನುಗಳು ಐಸಿನ ಸಮೇತ ರಸ್ತೆಗೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಬೆಕ್ಕುಗಳಿಗೆ ಮಾತ್ರ ಆಗಲೇ ಸುದ್ದಿ ಮುಟ್ಟಿದೆ.

“ನಾನು ‘ಮೀನು’ ಅಂತ ಕರೆದದ್ದಷ್ಟೇ,” ಗೇಟಿನಲ್ಲಿ ಪಾತ್ರೆ ಹಿಡಿದು ನಿಂತ ಜೆರ್ಟ್ರೂಡ್ ಬಾಯಮ್ಮ ಹೇಳುತ್ತಾರೆ. “ಅಡ್ಡ ಬಿದ್ದು ನಮಸ್ಕಾರ ಮಾಡ್ಬೇಕು ಅಂತ ಇರ್ಲಿಲ್ಲ ಮಾರಾಯ್ರೆ.”

ಧನರಾಜ್ ಬಿದ್ದಲ್ಲಿಂದಲೇ ವ್ಯಾಪಾರ ಶುರು ಮಾಡುತ್ತಾರೆ. “ಬೂತಾಯಿ ಒಳ್ಳೆಯದುಂಟು. ಎಷ್ಟು ಹಾಕಲಿ?”

ಕಾಪುವಿನ ಮೀನುಗಾರರ ಮನೆಯಲ್ಲಿ ಹುಟ್ಟಿದ ಧನರಾಜ್‌ಗೆ ದೋಣಿ ಹತ್ತಿದರೆ ವಾಂತಿ. “ಮನೆಯವರೆಲ್ಲ ನೀರಿನಲ್ಲಿ, ನಾನೊಬ್ಬ ಡಾಮರಿನಲ್ಲಿ,” ಎನ್ನುತ್ತಾರೆ. ಜೊತೆಯವರು ಸ್ಕೂಟರಿಗೆ ಬದಲಾದರೂ ಅವರು ಸೈಕಲ್ ಬಿಟ್ಟಿಲ್ಲ. ಈಗಿನದು ಗೇರಿನ ಸೈಕಲ್, ಓದು ಮುಗಿಸಿ ಊರಿಗೆ ಹೊರಟ ಮಣಿಪಾಲದ ವಿದ್ಯಾರ್ಥಿಯೊಬ್ಬನಿಂದ ಕೊಂಡದ್ದು. ವಾರವಿಡೀ ಅದರ ಮೇಲೆ ಮೀನು. ಭಾನುವಾರ ಪೆಟ್ಟಿಗೆ ಇಳಿಸಿ, ಸೋಪು ಹಾಕಿ ತೊಳೆದು, ಉಡುಪಿಯ ಸೈಕಲ್ ಹುಚ್ಚಿನವರ ಜೊತೆ ಹೊರಡುತ್ತಾರೆ.

ಅವರ ಕಷ್ಟದ ಹೆಸರು ಬೆಳ್ಮಣ್ ಏರು. ಕಳೆದ ವರ್ಷ ಕಾಪುವಿನಿಂದ ಕಾರ್ಕಳಕ್ಕೆ ಹೊರಟ ದಿನ ಜಿಟಿಜಿಟಿ ಮಳೆ. ಏರಿನ ನಡುವೆ ಚಪ್ಪಲಿ ಪೆಡಲಿನಿಂದ ಜಾರಿತು, ಮೊಣಕಾಲಿನ ಕೆಳಗೆ ಪೆಟ್ಟಾಯಿತು, ಸುಸ್ತಾದವರಿಗೆಂದು ಗುಂಪಿನ ಹಿಂದೆ ಬರುತ್ತಿದ್ದ ವ್ಯಾನು ಹತ್ತಬೇಕಾಯಿತು. ಏರಿನ ತುದಿಯಲ್ಲೇ ಹೆಂಡತಿ ರತ್ನಾವತಿಯ ತವರು. ಅಳಿಯ ಸೈಕಲ್ ತುಳಿದುಕೊಂಡು ಬರುವುದನ್ನು ನೋಡಲು ಮನೆಮಂದಿಯೆಲ್ಲ ಗೇಟಿಗೆ ಬಂದಿದ್ದರು. ಕಂಡದ್ದು ವ್ಯಾನಿನ ಕಿಟಕಿಯಲ್ಲಿ ಅವರ ಮುಖ.

“ಭಾವನನ್ನು ಪಾರ್ಸೆಲ್ ಮಾಡಿ ಕಳಿಸಿದ್ದಾರೆ,” ಎಂದರು ರತ್ನಾವತಿಯ ತಮ್ಮ ಉಮಾನಾಥ. ವರ್ಷವಿಡೀ ಅವರ ಫೋನು ಶುರುವಾಗುವುದೇ ಹಾಗೆ: “ಪಾರ್ಸೆಲ್ ಹೇಗುಂಟು?”

ಹಾಗಾಗಿ ಈ ವರ್ಷದ ಸವಾರಿಗೆ, ಕಾಲು ಜಾರದಂತೆ ಹಿಡಿದುಕೊಳ್ಳುವ ಪೆಡಲ್ ಮತ್ತು ಅದಕ್ಕೆ ಹೊಂದುವ ಶೂ. ಮಣಿಪಾಲದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ರೋನಿ ಸಂಜೆಯೇ ಬರಲು ಹೇಳಿದ್ದರು. ದಿನವಿಡೀ ತಿರುಗಿದ ಕಾಲು ತುಸು ಊದಿರುತ್ತದೆ, ಶೂ ಹೊಂದಬೇಕಾದದ್ದು ಆ ಕಾಲಿಗೆ.

ಮೊದಲು ತೊಟ್ಟದ್ದು ಹೊಳೆಯುವ ಬಿಳಿ ಶೂ. ಅಡಿ ಹಲಗೆಯಷ್ಟು ಗಟ್ಟಿ, ಅದರಿಂದ ಹೊರಕ್ಕೆ ಚಾಚಿದ ದೊಡ್ಡ ಪ್ಲಾಸ್ಟಿಕ್ ತುಂಡು. ಧನರಾಜ್ ಅಂಗಡಿಯೊಳಗೆ ಟಕಟಕ ನಡೆದರು.

“ಬಾತುಕೋಳಿಗೆ ಆಫೀಸಿನಲ್ಲಿ ಕೆಲಸ ಸಿಕ್ಕಿದ ಹಾಗೆ ಕಾಣ್ತದೆ,” ಎಂದರು ಜೊತೆಗೆ ಬಂದಿದ್ದ ರತ್ನಾವತಿ.

ಎರಡನೆಯದು ಕಪ್ಪು. ರಬ್ಬರಿನ ಅಡಿ, ಪೆಡಲಿಗೆ ಸಿಕ್ಕಿಕೊಳ್ಳುವ ಸಣ್ಣ ಲೋಹದ ತುಂಡು ಒಳಗಿನ ಹಳ್ಳದಲ್ಲಿ ಅಡಗಿದೆ, ನಡೆಯಬಹುದು. ಆದರೆ ಚಿಕ್ಕಂದಿನಲ್ಲಿ ಬರಿಗಾಲಿನಲ್ಲಿ ದಡದ ಬಲೆ ಎಳೆದ ಅಗಲ ಪಾದ, ಬೆರಳುಗಳು ಒಂದರ ಮೇಲೊಂದು ಏರಿದವು. ರೋನಿ ಅಗಲದ ಜೋಡಿ ಹುಡುಕಿ ತಂದರು. ಪೆಡಲಿಗೆ ಒಂದು ಮಗ್ಗುಲಲ್ಲಿ ಶೂ ಕಚ್ಚಿಕೊಳ್ಳುವ ಹಿಡಿ, ಇನ್ನೊಂದು ಮಗ್ಗುಲು ಚಪ್ಪಲಿಗಾಗಿ ಚಪ್ಪಟೆ. “ಭಾನುವಾರಕ್ಕೆ ಇದು, ಮೀನಿಗೆ ಅದು. ಬಿಡಿಸಿಕೊಳ್ಳಲಿಕ್ಕೆ ಹಿಮ್ಮಡಿ ಹೊರಗೆ ತಿರುಗಿಸಿ ಧನರಾಜಣ್ಣ, ಎಳೀಬೇಡಿ.”

ಮರುದಿನವೇ ಖುಷಿ ತಡೆಯಲಾರದೆ ಅದೇ ಶೂ ತೊಟ್ಟು ಮೀನಿಗೆ ಹೊರಟರು. ಮಟ್ಟುವಿನಲ್ಲಿ ಬಿದ್ದದ್ದು ಹಾಗೆ. “ಮೀನು ಅಂತ ಕರೆದರೆ ತಲೆಗಿಂತ ಮೊದಲು ಎಡಗಾಲಿಗೆ ಕೇಳ್ತದೆ,” ಎನ್ನುತ್ತಾರೆ. “ಸೀದಾ ನೆಲಕ್ಕೆ ಹೋಗ್ತದೆ. ಕಾಲಿಗೆ ಬುದ್ಧಿ ಹೇಳುವುದು ಹೇಗೆ?”

ರತ್ನಾವತಿ ಹೇಳಿಕೊಡುತ್ತಾರೆ. ರೋನಿ ಪೆಡಲಿನ ಸ್ಪ್ರಿಂಗ್ ಸಡಿಲಿಸಿದ ಮೇಲೆ ಧನರಾಜ್ ಪ್ರತಿ ಸಂಜೆ ಅಂಗಳದಲ್ಲಿ ಸುತ್ತುತ್ತಾರೆ. ರತ್ನಾವತಿ ಬಾವಿಕಟ್ಟೆಯ ಹಿಂದಿನಿಂದ, ಅಡುಗೆಮನೆಯ ಕಿಟಕಿಯಿಂದ ಇದ್ದಕ್ಕಿದ್ದಂತೆ “ಮೀನು” ಎನ್ನುತ್ತಾರೆ. ಮೊದಲ ಸಂಜೆ ಧನರಾಜ್ ತೆಂಗಿನಮರ ತಬ್ಬಿಕೊಂಡು ಉಳಿದರು. ಆಮೇಲಾಮೇಲೆ ಹಿಮ್ಮಡಿ ತಿರುಗತೊಡಗಿತು. ವಾರದ ಕೊನೆಗೆ, ಕರೆದರೂ ಕೇಳದವರಂತೆ ತುಳಿಯುವುದೂ ಬಂತು.

“ಗಂಡನನ್ನು ಇಷ್ಟು ಸಲ ಬೀಳಿಸಿದವಳು ಈ ಊರಲ್ಲಿ ನಾನೊಬ್ಬಳೇ,” ಎನ್ನುವಾಗ ರತ್ನಾವತಿಯ ಮುಖದಲ್ಲಿ ಒಂದಿಷ್ಟೂ ಪಶ್ಚಾತ್ತಾಪವಿಲ್ಲ.

ಭಾನುವಾರ. ಬೆಳ್ಮಣ್ ಏರಿನ ತುದಿಯ ಗೇಟಿನಲ್ಲಿ ಮನೆಮಂದಿಯೆಲ್ಲ ನಿಂತಿದ್ದಾರೆ. ರತ್ನಾವತಿ ಹಿಂದಿನ ದಿನವೇ ಬಸ್ಸಿನಲ್ಲಿ ಬಂದಿದ್ದಾರೆ. ತಿರುವಿನಲ್ಲಿ ಮೊದಲು ಹೆಲ್ಮೆಟ್, ಆಮೇಲೆ ಬೆವರಿಳಿಯುವ ಮುಖ, ಕೊನೆಗೆ ಮಣ್ಣು ಮೆತ್ತಿದ ಕಪ್ಪು ಶೂ ಕಾಣಿಸುತ್ತವೆ. ವ್ಯಾನು ತುಂಬಾ ಹಿಂದೆ ಉಂಟು.

“ಭಾವಾ, ಮೀನು ಉಂಟಾ?” ಉಮಾನಾಥ ಕೂಗುತ್ತಾರೆ.

ರತ್ನಾವತಿ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಪೆಡಲಿನ ಮೇಲೆ ಧನರಾಜ್ ಅವರ ಎಡ ಹಿಮ್ಮಡಿ ಅದುರುತ್ತದೆ. ಹೊರಗೆ ತಿರುಗುವುದಿಲ್ಲ.

“ಇವತ್ತು ರಜೆ,” ಎನ್ನುತ್ತಾರೆ ಧನರಾಜ್, ಉಸಿರಿನ ನಡುವೆ.

ಸೈಕಲಿನ ವೇಗ ಎಷ್ಟೆಂದರೆ ಅತ್ತೆ ಹರಿಣಾಕ್ಷಿಯಮ್ಮ, ಕೆತ್ತಿದ ಎಳನೀರಿನ ಬೊಂಡ ಹಿಡಿದು, ಪಕ್ಕದಲ್ಲೇ ಆರಾಮವಾಗಿ ನಡೆದು ಬರುತ್ತಾರೆ. ಮದುವೆಯಾದ ದಿನದಿಂದ ಅವರು ಕೊಟ್ಟದ್ದನ್ನು ಈ ಅಳಿಯ ಒಂದು ಸಲವೂ ನಿರಾಕರಿಸಿಲ್ಲ.

“ಒಂದು ಕಾಲು ಊರಿ ಕುಡಿದು ಹೋಗಿ. ಕಾರ್ಕಳ ಎಲ್ಲಿಗೂ ಓಡಿ ಹೋಗುವುದಿಲ್ಲ.”

ಧನರಾಜ್ ಬೊಂಡವನ್ನು ನೋಡುತ್ತಾರೆ. ಎಳನೀರು ಅಂಚಿನವರೆಗೆ ತುಂಬಿ ತುಳುಕುತ್ತಿದೆ.

“ಬೇಡ ಅತ್ತೆ.”